ಪೌಡರ್ ಕೋಟಿಂಗ್ ಶೆಡ್ಡಿಗೆ ಯಾವ ಬಣ್ಣ? ಮಾಲಿನ್ಯ ಮಂಡಳಿ ಒಪ್ಪಿಗೆ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ಪೌಡರ್ ಕೋಟಿಂಗ್ ಘಟಕಕ್ಕೆ ಬಾಡಿಗೆ ಶೆಡ್ ನೋಡಿದ್ದೇನೆ. ಒಂದು ಓವನ್, ಏಳು ತೊಟ್ಟಿ, 62.5 ಕೆವಿಎ ಜನರೇಟರ್ ಇರುತ್ತದೆ. ಬಳಸುವುದು ಬರೀ ಪುಡಿ, ಆದ್ದರಿಂದ ಕಡಿಮೆ ಮಾಲಿನ್ಯದ ಗ್ರೀನ್ ಕೆಟಗರಿಯಲ್ಲೇ ಮಾಲಿನ್ಯ ಮಂಡಳಿಯ ಒಪ್ಪಿಗೆ ತೆಗೆಸಿಕೊಡುತ್ತೇನೆ ಎಂದು ಒಬ್ಬ ಏಜೆಂಟ್ ಹೇಳುತ್ತಿದ್ದಾರೆ. ಶೆಡ್ಡಿಗೆ ಅಡ್ವಾನ್ಸ್ ಕೊಡಬಹುದಾ?

ಉತ್ತರ: ಅಡ್ವಾನ್ಸ್ ಸದ್ಯಕ್ಕೆ ಬೇಡ. ಮೊದಲು ಆ ಏಳು ತೊಟ್ಟಿಗಳ ವಿಷಯ ಮಾತಾಡೋಣ.

ಲೋಹಕ್ಕೆ ಬಣ್ಣದ ಪುಡಿ ಬಳಿದು ಓವನ್ನಿನಲ್ಲಿ ಕಾಯಿಸುವುದು ಒಣ ಕೆಲಸ, ನಿಜ. ಆದರೆ ಅದಕ್ಕೂ ಮುಂಚೆ ನೀವು ಲೋಹವನ್ನು ತೊಳೆಯುತ್ತೀರಿ ಅಲ್ವಾ? ಎಣ್ಣೆ ಜಿಡ್ಡು ತೆಗೆಯಲು ಒಂದು ತೊಟ್ಟಿ, ತುಕ್ಕು ತೆಗೆಯಲು ಆಸಿಡ್ ತೊಟ್ಟಿ (ಪಿಕ್ಲಿಂಗ್), ಪುಡಿ ಗಟ್ಟಿಯಾಗಿ ಹಿಡಿಯಲು ಫಾಸ್ಫೇಟಿಂಗ್, ಕೊನೆಗೆ ಮತ್ತೆ ತುಕ್ಕು ಹಿಡಿಯದಂತೆ ಪ್ಯಾಸಿವೇಶನ್, ನಡುನಡುವೆ ನೀರಿನ ತೊಟ್ಟಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಕೈಗಾರಿಕೆಗಳನ್ನು ಹೆಚ್ಚು ಮಾಲಿನ್ಯದಿಂದ ಕಡಿಮೆಯ ಕಡೆಗೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿದಾಗ, ಆಸಿಡ್ ಪಿಕ್ಲಿಂಗ್ ಮತ್ತು ಫಾಸ್ಫೇಟಿಂಗ್ ಎರಡನ್ನೂ ಹೆಸರಿಸಿಯೇ ಕೆಂಪಿನಲ್ಲಿ ಇಟ್ಟಿತು. ಬಣ್ಣ ತೀರ್ಮಾನ ಆಗುವುದು ಬೋರ್ಡಿನ ಮೇಲೆ ಏನು ಬರೆಸಿದ್ದೀರಿ ಎಂಬುದರಿಂದ ಅಲ್ಲ, ಒಳಗೆ ಏನು ಮಾಡುತ್ತೀರಿ ಎಂಬುದರಿಂದ. ಅರ್ಜಿಯಲ್ಲಿ ತೊಟ್ಟಿಗಳನ್ನು ಬಿಟ್ಟು ಬರೀ ಓವನ್ ತೋರಿಸಿದರೆ ಹಸಿರು ಕಾಗದ ಸಿಗಬಹುದು. ಅಧಿಕಾರಿ ತಪಾಸಣೆಗೆ ಬಂದ ದಿನ ಆ ಕಾಗದ ಸುಳ್ಳಾಗುತ್ತದೆ. ಅರ್ಜಿಗೆ ಸಹಿ ಹಾಕಿರುವುದು ಏಜೆಂಟ್ ಅಲ್ಲ, ನೀವು.

ಪೀಣ್ಯದಲ್ಲಿ ಇದು ಬರೀ ಕಾಗದದ ಮಾತೂ ಅಲ್ಲ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ. ಎಲೆಕ್ಟ್ರೋಪ್ಲೇಟಿಂಗ್ ತೊಟ್ಟಿಗಳ ಹಾಗೆ ಹಳೆ ರೀತಿಯ ಪ್ಯಾಸಿವೇಶನ್ ತೊಟ್ಟಿಯಲ್ಲೂ ಕ್ರೋಮಿಕ್ ಆಸಿಡ್ ಇರುತ್ತದೆ. ಒಬ್ಬರು ಒಂದು ಬಕೆಟ್ ಚರಂಡಿಗೆ ಸುರಿದರೆ ಏನೂ ಕಾಣುವುದಿಲ್ಲ. ಸಾಲಾಗಿ ನೂರಾರು ಶೆಡ್ ಇರುವ ಕಡೆ ವರ್ಷಗಟ್ಟಲೆ ಹಾಗೆ ಸುರಿದರೆ ಬೋರ್‌ವೆಲ್‌ಗೆ ಇಳಿಯುತ್ತದೆ. ಕ್ರೋಮಿಯಂ ಇಲ್ಲದ ಪ್ಯಾಸಿವೇಶನ್ ರಾಸಾಯನಿಕ ಈಗ ಮಾರುಕಟ್ಟೆಯಲ್ಲಿ ಸಿಗುತ್ತದೆ. ದಯವಿಟ್ಟು ಮೊದಲ ದಿನದಿಂದಲೇ ಅದನ್ನು ತನ್ನಿ. ನೀವು ಕೆಲಸ ಮಾಡುವುದು ದಪ್ಪ ಉಕ್ಕಿನ ಭಾಗಗಳ ಮೇಲಾದರೆ ಆಸಿಡ್ ಬದಲು ಶಾಟ್ ಬ್ಲಾಸ್ಟಿಂಗ್ (ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಹೊಡೆದು ತುಕ್ಕು ಉದುರಿಸುವುದು) ಯೋಚಿಸಿ. ತೆಳು ಶೀಟ್ ಆದರೆ ಅದು ಸೊಟ್ಟಗಾಗುತ್ತದೆ, ತೊಟ್ಟಿಯೇ ಗತಿ.

ಈಗ ಕ್ರಮ. ಸ್ಥಾಪನೆಗೆ ಒಂದು ಒಪ್ಪಿಗೆ, ನಡೆಸಲು ಇನ್ನೊಂದು. ಕಚೇರಿಯಲ್ಲಿ ಸಿಎಫ್‌ಇ, ಸಿಎಫ್‌ಒ ಎನ್ನುತ್ತಾರೆ. 1974ರ ಜಲ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಒಪ್ಪಿಗೆ ಇಲ್ಲದೆ ಘಟಕ ಸ್ಥಾಪಿಸಲು ಹೆಜ್ಜೆ ಇಡುವುದೂ ತಪ್ಪೇ. ಇದಕ್ಕೆ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಹಾಗಾಗಿ ಶೆಡ್ ಮೊದಲೇ ಕಟ್ಟಿದ್ದರೂ, ಸಿಎಫ್‌ಇ ಬರುವ ತನಕ ತೊಟ್ಟಿ ಇಳಿಸಬೇಡಿ. ಗಾಳಿಗೆ ಸಂಬಂಧಿಸಿದ್ದು 1981ರ ಕಾಯ್ದೆಯಲ್ಲಿ ಬರುತ್ತದೆ.

ಅರ್ಜಿ ಹಾಕುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಆನ್‌ಲೈನ್ ವ್ಯವಸ್ಥೆಯಲ್ಲಿ. ಬಾಡಿಗೆ ಕರಾರು, ಶೆಡ್ಡಿನ ನಕ್ಷೆ, ಬಂಡವಾಳದ ಬಗ್ಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕಾಗುತ್ತವೆ. ಶುಲ್ಕ ಬಂಡವಾಳದ ಮೇಲೆ ನಿಂತಿದೆ. ಕಡಿಮೆ ತೋರಿಸಲು ಹೋಗಬೇಡಿ, ಬ್ಯಾಂಕ್ ಸಾಲದ ಲೆಕ್ಕದ ಜೊತೆ ತಾಳೆಯಾಗುವುದಿಲ್ಲ. ಇವೆಲ್ಲ ಸುಲಭ. ಜಾಸ್ತಿ ಅರ್ಜಿಗಳು ಸಿಕ್ಕಿಕೊಳ್ಳುವುದು ನೀರಿನ ಲೆಕ್ಕದಲ್ಲಿ. ದಿನಕ್ಕೆ ಎಷ್ಟು ಲೀಟರ್ ಬರುತ್ತದೆ, ಯಾವ ತೊಟ್ಟಿಗೆ ಎಷ್ಟು, ಎಷ್ಟು ಆವಿಯಾಗುತ್ತದೆ, ಉಳಿದದ್ದು ಎಲ್ಲಿಗೆ? ಒಂದು ಹಾಳೆ ತೆಗೆದುಕೊಂಡು ನೀವೇ ಬರೆಯಿರಿ. ಸ್ವಂತ ಸಂಸ್ಕರಣಾ ಘಟಕಕ್ಕೆ ಜಾಗ ಇಲ್ಲದಿದ್ದರೆ, ಸಾಮೂಹಿಕ ಸಂಸ್ಕರಣಾ ಘಟಕದ ಜೊತೆ ಕರಾರು ಮಾಡಿಕೊಂಡು ಟ್ಯಾಂಕರ್‌ನಲ್ಲಿ ಕಳಿಸುವ ದಾರಿ ಇದೆ. ಆದರೆ ಟ್ಯಾಂಕರ್ ಬರುವ ತನಕ ಆ ನೀರು ತುಂಬಿಡಲು ಶೆಡ್ಡಿನಲ್ಲಿ ಜಾಗ ಬೇಕು. ಅಡ್ವಾನ್ಸ್ ಬೇಡ ಎಂದದ್ದು ಇದಕ್ಕೇ. ಆ ಜಾಗ ಇಲ್ಲದ ಶೆಡ್ ಎಷ್ಟು ಅಗ್ಗಕ್ಕೆ ಸಿಕ್ಕರೂ ನಿಮಗೆ ಆಗುವುದಿಲ್ಲ.

ತೊಟ್ಟಿಯ ತಳದ ಫಾಸ್ಫೇಟ್ ಕೆಸರು ಅಪಾಯಕಾರಿ ತ್ಯಾಜ್ಯ. ಅದಕ್ಕೆ 2016ರ ನಿಯಮದಡಿ ಬೇರೆ ಅನುಮತಿ ಬೇಕು. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಪ್ರತಿ ವರ್ಷ ಜೂನ್ 30ರೊಳಗೆ ಲೆಕ್ಕ ಒಪ್ಪಿಸಬೇಕು.

ಜನರೇಟರಿನ ಹೊಗೆಕೊಳವೆಗೆ ಒಂದು ಸರಳ ಸೂತ್ರ ಇದೆ. ಕೆವಿಎಯ ವರ್ಗಮೂಲವನ್ನು 0.2ರಿಂದ ಗುಣಿಸಿ. ನಿಮ್ಮದಕ್ಕೆ ಸುಮಾರು 1.6 ಮೀಟರ್ ಬರುತ್ತದೆ. ಕಟ್ಟಡದ ಎತ್ತರಕ್ಕಿಂತ ಅಷ್ಟು ಮೇಲಿರಬೇಕು. ಶಬ್ದ, ಮುಚ್ಚಿಗೆಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು.

ಪ್ರಶ್ನೆ: ಅರ್ಜಿ ಹಾಕಿ ಮೂರು ತಿಂಗಳಾಯಿತು, ಉತ್ತರ ಇಲ್ಲ. ನಾಲ್ಕು ತಿಂಗಳಾದರೆ ಒಪ್ಪಿಗೆ ತಾನಾಗಿಯೇ ಸಿಕ್ಕಂತೆ ಎನ್ನುತ್ತಾರೆ. ನಿಜಾನಾ?

ಉತ್ತರ: ಜಲ ಕಾಯ್ದೆಯಲ್ಲಿ ಹಾಗೊಂದು ಮಾತು ಇದೆ. ಆದರೆ ಅದು ಪೂರ್ತಿಯಾಗಿರುವ ಅರ್ಜಿಗೆ. ಮೊದಲು ನಿಮ್ಮ ಲಾಗಿನ್ ತೆರೆದು ನೋಡಿ. ಮಂಡಳಿ ಯಾವುದೋ ದಾಖಲೆ ಕೇಳಿ ಕಾಯುತ್ತಿರಬಹುದು, ಆ ಸಂದೇಶ ಏಜೆಂಟ್‌ನ ಮೊಬೈಲ್‌ಗೆ ಹೋಗಿರಬಹುದು. ಅರ್ಜಿಯಲ್ಲಿ ನಿಮ್ಮ ನಂಬರನ್ನೇ ಕೊಡಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ. ಏನೂ ಕೇಳಿಲ್ಲವಾದರೆ ಪ್ರಾದೇಶಿಕ ಕಚೇರಿಗೆ ಹೋಗಿ, ಲಿಖಿತವಾಗಿ ಕೇಳಿ, ಸ್ವೀಕೃತಿ ತೆಗೆದುಕೊಳ್ಳಿ. ಸುಮ್ನೆ ದಿನ ಎಣಿಸಿ ಯಂತ್ರ ಚಾಲೂ ಮಾಡಬೇಡಿ. ಒಪ್ಪಿಗೆ ಕೊಡಲಿಲ್ಲವೆಂದರೆ ಅಥವಾ ಒಪ್ಪಲಾಗದ ಷರತ್ತು ಹಾಕಿದರೆ, 30 ದಿನದೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.

ಪ್ರಶ್ನೆ: ನಡೆಯುತ್ತಿದ್ದ ಘಟಕವನ್ನೇ ಕೊಂಡಿದ್ದೇನೆ. ಹಳೆ ಮಾಲೀಕರ ಸಿಎಫ್‌ಒ ಇನ್ನೂ ಎರಡು ವರ್ಷ ಇದೆ. ಸಾಕಲ್ವಾ?

ಉತ್ತರ: ಸಾಲದು. ಹೆಸರು ಬದಲಾವಣೆಗೆ ಅರ್ಜಿ ಹಾಕಲೇಬೇಕು. ಆ ಪತ್ರದಲ್ಲಿ ಯಾವ ಉತ್ಪನ್ನ, ತಿಂಗಳಿಗೆ ಎಷ್ಟು ಎಂದು ಬರೆದಿರುತ್ತದೆ, ಅದನ್ನೂ ಓದಿ. ಹೊಸ ತೊಟ್ಟಿ ಸೇರಿಸಿದರೆ, ಉತ್ಪಾದನೆ ಹೆಚ್ಚಿಸಿದರೆ ಮತ್ತೆ ಸಿಎಫ್‌ಇಯಿಂದಲೇ ಶುರು. ಹಳೆ ಮಾಲೀಕರು ಬಿಟ್ಟುಹೋದ ಕೆಸರಿನ ಚೀಲಗಳು ಹಿಂದೆಲ್ಲಾದರೂ ಇವೆಯಾ ಎಂದು ಇವತ್ತೇ ನೋಡಿ. ಈಗ ಅವುಗಳ ಹೊಣೆ ನಿಮ್ಮದು.