ಮದ್ದಳೆಗೆ ಬೂಷ್ಟು ಹಿಡಿದಿದೆ ಅಂದಿರಲ್ಲ ಡಾಕ್ಟ್ರೇ

ಪ್ರಶ್ನೆ: ನನಗೆ 36 ವರ್ಷ. ಊರು ಸಾಗರದ ಹತ್ತಿರ. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಫಿಸಿಷಿಯನ್. ಜೊತೆಯವರೆಲ್ಲ ಎಂ.ಡಿ. ಆದಮೇಲೆ ಡಿ.ಎಂ. ಅಂತ ಸೂಪರ್ ಸ್ಪೆಷಾಲಿಟಿ ಓದಿ ಬೆಂಗಳೂರು ಸೇರಿದ್ದಾರೆ. ನಾನೂ ಓದಲೋ, ಇಲ್ಲೇ ಇರಲೋ ತಿಳಿಯುತ್ತಿಲ್ಲ. ಮೊದಲು ತಾಳಮದ್ದಳೆ ಕೂಟಗಳಲ್ಲಿ ಮದ್ದಳೆ ನುಡಿಸುತ್ತಿದ್ದೆ. ಊರಮನೆಯಲ್ಲಿ ಅದೀಗ ಬೂಷ್ಟು ಹಿಡಿದು ಕೂತಿದೆ. ರಜೆ ದಿನವೂ ತಲೆ ತುಂಬ ವಾರ್ಡು. 'ಅಪ್ಪ, ಇವತ್ತೂ ಡ್ಯೂಟಿನಾ?' ಅಂತಾಳೆ ಮಗಳು.

ಉತ್ತರ: ಡಾಕ್ಟ್ರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಡಿ.ಎಂ. ಅಂದಿದ್ದೀರಿ, ಯಾವುದರಲ್ಲಿ ಅಂತ ಬರೆದೇ ಇಲ್ಲ. ಹೃದಯವೋ, ಕಿಡ್ನಿಯೋ, ನರವೋ? ಮದ್ದಳೆಗೆ ಬೂಷ್ಟು ಹಿಡಿದದ್ದು ಮಾತ್ರ ಮರೆಯದೆ ಬರೆದಿರಿ. ನನಗೆ ಉತ್ತರ ಅಲ್ಲೇ ಕಂಡಿತು.

ಒಂದು ವಿಷಯದ ಹುಚ್ಚು ಇದ್ದರೆ ಖಂಡಿತ ಹೋಗಿ. 36 ತಡವೇನಲ್ಲ. ಜೊತೆಯವರು ಹೋದರು ಅಂತ ಹೋಗಬೇಡಿ. ನೀಟ್ ಬರೆದು ಸೀಟು ಸಿಕ್ಕ ಮೇಲೆ ಮೂರು ವರ್ಷ ಮತ್ತೆ ರೆಸಿಡೆಂಟ್ ಡ್ಯೂಟಿ. ಈಗಲೇ ಸೋತು ಸುಣ್ಣವಾಗಿದ್ದೀರಿ. ದಣಿದಾಗ ಇಂಥ ತೀರ್ಮಾನ ಬೇಡ.

ಬಿಡುವು ತಾನಾಗಿ ಬರುತ್ತದೆ ಅಂತಲೂ ಕಾಯಬೇಡಿ. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಇನ್ನೂ ನಮ್ಮನ್ನು ಬಿಟ್ಟಿಲ್ಲ. ಮಳೆ ಹಿಡಿದರೆ ಡೆಂಗಿ, ಇಲಿಜ್ವರ. ಮಲೆನಾಡಿನ ಫಿಸಿಷಿಯನ್‌ಗೆ ಖಾಲಿ ತಿಂಗಳು ಅಂತ ಇದೆಯಾ? ಜ್ವರ ಬಂದವರು ಮೊದಲು ಬರುವುದೇ ನಿಮ್ಮ ಹತ್ತಿರ. ಆ ಕೆಲಸ ಯಾವ ಡಿ.ಎಂ.ಗೂ ಕಮ್ಮಿ ಅಲ್ಲ.

ರಜೆಯ ಹಿಂದಿನ ಸಂಜೆ ಡ್ಯೂಟಿ ಡಾಕ್ಟರ್ ಜೊತೆ ಹತ್ತು ನಿಮಿಷ ಕೂರಿ. ಯಾವ ಬೆಡ್‌ನವರಿಗೆ ಏನು ನೋಡಬೇಕು, ಏನಾದರೆ ನಿಮಗೆ ಫೋನ್ ಮಾಡಬೇಕು, ಬರೆದುಕೊಡಿ. ಆಮೇಲೆ ನೀವಾಗಿ ಫೋನ್ ಮಾಡಿ ವಿಚಾರಿಸಬೇಡಿ. ಮೊದಮೊದಲು ಕೈ ತುರಿಸುತ್ತದೆ, ತಡೆದುಕೊಳ್ಳಿ. ನಿದ್ದೆ, ಊಟವೂ ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಿ. ರೋಗಿಗಳಿಗೆ ನೀವೂ ಅದನ್ನೇ ಹೇಳುತ್ತೀರಿ ಅಲ್ವಾ?

ಯಕ್ಷಗಾನ ಮೇಳಗಳ ತಿರುಗಾಟ ನಿಂತಿದೆ, ಇನ್ನು ತಾಳಮದ್ದಳೆಯ ಕಾಲ. ವೇಷ ಇಲ್ಲ, ಕುಣಿತ ಇಲ್ಲ, ಯಾರದೋ ಜಗಲಿಯಲ್ಲಿ ಕೂತೇ ನಡೆಯುತ್ತದೆ. ಈ ಭಾನುವಾರ ಮಗಳನ್ನು ಕರೆದುಕೊಂಡು ಊರಿಗೆ ಹೋಗಿ. ಮದ್ದಳೆ ಇಳಿಸಿ, ಒಣ ಬಟ್ಟೆಯಲ್ಲಿ ಒರೆಸಿ, ಒಲೆಯಿಂದ ಸ್ವಲ್ಪ ದೂರ ಬೆಚ್ಚಗಿಡಿ. ಥಂಡಿಗೆ ಚರ್ಮ ಸಡಿಲವಾಗಿರುತ್ತದೆ. ಮೊದಲ ಪೆಟ್ಟು ಅವಳ ಕೈಯಲ್ಲೇ ಹಾಕಿಸಿ.

ಮಳೆಗಾಲ ಮುಗಿದ ಮೇಲೂ ಡಿ.ಎಂ. ಬೇಕು ಅನ್ನಿಸಿದರೆ ಮತ್ತೆ ಬರೆಯಿರಿ. ಯಾವುದರಲ್ಲಿ ಅಂತ ಮೊದಲ ಸಾಲಿನಲ್ಲೇ ಇರಲಿ.