ಮಿಷನ್ ಸೇವೆಗೆ ಹೋಗುವಾಗ ಯಾವ ಕ್ಯಾಮೆರಾ ಒಯ್ಯಲಿ ಎಂದು ಕೇಳಿದವರಿಗೆ

ಉಡುಪಿಯಿಂದ ಟಾಂಜಾನಿಯಾದ ಹಳ್ಳಿಶಾಲೆಗೆ, ಸಿಸ್ಟರ್‌ಗಳ ಜೊತೆ ಸ್ವಯಂಸೇವೆಗೆ ಹೊರಟಿದ್ದೀರಿ. ಅಲ್ಲಿನ ದಿನನಿತ್ಯದ ಬದುಕಿನ ಫೋಟೊ ತೆಗೆಯಲು ಯಾವ ಕ್ಯಾಮೆರಾ, ಯಾವ ಲೆನ್ಸ್ ಎಂದು ಕೇಳಿದ್ದೀರಿ. ನಾನೂ ಮಂಗಳೂರಿನಿಂದ ಅದೇ ದೇಶಕ್ಕೆ, ಅದೇ ಬಗೆಯ ಕೆಲಸಕ್ಕೆ ಹೋದವನು. ಕ್ಯಾಮೆರಾ ಯಾವುದಾದರೂ ನಡೆಯುತ್ತದೆ, ಕೈಯಲ್ಲಿರುವ ಮೊಬೈಲೇ ಸಾಕು. ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಬೇರೆಯದಕ್ಕೆ: ತೆಗೆದ ಫೋಟೊ ಯಾರ ಕೈ ಸೇರುತ್ತದೆ, ಅದರ ಅಡಿಬರಹವನ್ನು ಯಾರು ಬರೆಯುತ್ತಾರೆ?

ನಾನು ಅಲ್ಲಿ ಗಣಿತ ಕಲಿಸುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಫೋಟೊ. ದೊಡ್ಡ ಪಾತ್ರೆಯಲ್ಲಿ ಉಗಾಲಿ ಎಂಬ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತಿರುವುವ ಅಡುಗೆಯವರು, ಕಾಂಗಾ ಬಟ್ಟೆ ಒಣಹಾಕುವ ತಾಯಂದಿರು, ಮರದಡಿ ಗಿರಾಕಿಗಾಗಿ ಕಾಯುವ ಬೋಡಾಬೋಡಾ, ಅಂದರೆ ಬಾಡಿಗೆ ಬೈಕಿನವರು. ಒಂದು ಸಂಜೆ ಬಡಗಿಯ ಮಗಳು ಹಳದಿ ಕ್ಯಾನು ಹಿಡಿದು ನಲ್ಲಿಯ ಕಡೆ ಹೊರಟಿದ್ದಳು. ಬರಿಗಾಲು, ಹಿಂದೆ ಕೆಂಪು ಮಣ್ಣಿನ ದಾರಿ, ಓರೆಬಿಸಿಲು. ಕ್ಲಿಕ್ಕಿಸಿದೆ. ನಲ್ಲಿ ಅವಳ ಮನೆಯ ಪಕ್ಕದಲ್ಲೇ ಇತ್ತು. ಕಾಲು ಬರಿದಾಗಿದ್ದದ್ದು, ಆಗಷ್ಟೇ ತೊಳೆದ ಶಾಲೆಯ ಬೂಟುಗಳು ತಗಡಿನ ಮಾಡಿನ ಮೇಲೆ ಒಣಗುತ್ತಿದ್ದುದರಿಂದ.

ದೇಣಿಗೆ ಸಂಗ್ರಹಿಸುವ ಕಚೇರಿಯೊಂದು ಫೋಟೊ ಕೇಳಿತು. ಪೆನ್‌ಡ್ರೈವ್‌ನಲ್ಲಿ ಎಲ್ಲವನ್ನೂ ತುಂಬಿ ಕೊಟ್ಟುಬಿಟ್ಟೆ. ಕೆಲವು ವಾರಗಳ ಮೇಲೆ ಅಚ್ಚಾದ ಕರಪತ್ರ ಬಂತು. ಮುಖಪುಟದಲ್ಲಿ ಅದೇ ಹುಡುಗಿ. ಕೆಳಗೆ, ನೀರಿಗಾಗಿ ಮೈಲುಗಟ್ಟಲೆ ನಡೆಯುವ ಅನಾಥೆ ಎಂಬ ಸಾಲು.

ಬಡಗಿ ಶಾಲೆಗೆ ಬಂದ. ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ, ತೋಳಿನ ರೋಮಕ್ಕೆ ಮರದ ಪುಡಿ ಇನ್ನೂ ಅಂಟಿಕೊಂಡಿತ್ತು. ದನಿ ಏರಿಸಲಿಲ್ಲ. ಕಾಗದ ಬಿಡಿಸಿ ಮೇಜಿನ ಮೇಲಿಟ್ಟು, ನಾನು ಬದುಕಿರುವಾಗಲೇ ಇವಳು ಅನಾಥೆ ಆದದ್ದು ಹೇಗೆ ಎಂದು ಕೇಳಿದ. ಸಿಸ್ಟರ್ ಅದನ್ನು ನನಗೆ ತಿಳಿಸಿ ಹೇಳುವಾಗ ಅವರ ಕಣ್ಣು ತುಂಬಿತ್ತು. ಆ ತರಗತಿಯ ಬೆಂಚುಗಳೆಲ್ಲ ಆತನೇ ಮಾಡಿದವು. ಮಗಳ ಶುಲ್ಕಕ್ಕೆ ಅದೇ ಲೆಕ್ಕ. ಮರುವಾರ ಮಗಳನ್ನು ಬೇರೆ ಶಾಲೆಗೆ ಸೇರಿಸಿದ. ಗಣಿತದಲ್ಲಿ ಅಷ್ಟು ಚುರುಕಿನ ಮಗು ನನ್ನ ತರಗತಿಯಲ್ಲಿ ಇನ್ನೊಬ್ಬರಿರಲಿಲ್ಲ.

ತಪ್ಪು ಎಲ್ಲಾಯಿತು ಎಂಬುದನ್ನು ಬಿಡಿಸಿಯೇ ಹೇಳುತ್ತೇನೆ. ಫೋಟೊ ತೆಗೆದದ್ದರಲ್ಲಿ ಅಲ್ಲ, ಕೊಟ್ಟದ್ದರಲ್ಲೂ ಅಲ್ಲ, ಮಾತಿಲ್ಲದೆ ಕೊಟ್ಟದ್ದರಲ್ಲಿ. ಫೋಟೊ ಕಡತಗಳಿಗೆ ಕ್ಯಾಮೆರಾ ಕೊಟ್ಟ ಸಂಖ್ಯೆಗಳಷ್ಟೇ ಇದ್ದವು. ಬಡಗಿಯ ಮಗಳು, ಮನೆಯ ಪಕ್ಕದ ನಲ್ಲಿ, ಬೂಟು ಒಣಗಲು ಇಟ್ಟಿದ್ದಾಳೆ ಎಂದು ಬರೆದಿದ್ದರೆ ಆ ಕಚೇರಿಯವರು ಅವಳನ್ನು ಅನಾಥೆ ಮಾಡಲು ಬೇಕೆಂದೇ ಸುಳ್ಳು ಹೇಳಬೇಕಾಗುತ್ತಿತ್ತು. ನಾನು ಬರೆಯದಿದ್ದುದರಿಂದ ಊಹಿಸಿದರೆ ಸಾಕಾಯಿತು. ತಂದೆಯನ್ನು ಕೇಳಲಿಲ್ಲ, ಕೊಟ್ಟ ಮೇಲೆ ಅಚ್ಚಿನ ಕರಡನ್ನೂ ತರಿಸಿಕೊಳ್ಳಲಿಲ್ಲ. ಈ ಮೂರರಲ್ಲಿ ಒಂದನ್ನು ಮಾಡಿದ್ದರೂ ಅವಳು ಅದೇ ಬೆಂಚಿನಲ್ಲಿ ಕೂತಿರುತ್ತಿದ್ದಳು.

ಕರಾವಳಿಯ ನಮಗೆ ಇದು ಹೊಸದಾಗಿರಬಾರದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅವರ ಸಂಗ್ರಹದ ಹಳೆಯ ಫೋಟೊಗಳನ್ನು ಈಗ ಅಂತರ್ಜಾಲದಲ್ಲೇ ನೋಡಬಹುದು. ಊರಿಗೆ ಮರಳಿದ ಮೇಲೆ ಅವುಗಳ ಮುಂದೆ ರಾತ್ರಿಗಳನ್ನು ಕಳೆದಿದ್ದೇನೆ. ನನ್ನ ಮುತ್ತಜ್ಜ ಹೆಂಚಿನ ಕೆಲಸಗಾರ. ಸಾಲಾಗಿ ನಿಂತ ಆ ಮುಖಗಳಲ್ಲಿ ಅವರದೂ ಇರಬಹುದು, ಆದರೆ ಕೆಳಗೆ ಹೆಸರಿಲ್ಲ. ಕೆಲಸಗಾರರು ಎಂದಷ್ಟೇ ಇದೆ.

ಆದ್ದರಿಂದ ಲೆನ್ಸಿನ ದುಡ್ಡನ್ನು ಪ್ರಿಂಟಿಗೆ ಇಟ್ಟುಕೊಳ್ಳಿ. ಮೊದಲ ಪ್ರಿಂಟ್ ಚಿತ್ರದಲ್ಲಿರುವವರ ಮನೆಗೆ ಹೋಗಲಿ. ಮೊದಲ ಕೆಲವು ವಾರ ಫೋಟೊ ತೆಗೆಯಲೇಬೇಡಿ, ಕೆಲಸ ಮಾಡಿ. ಬಿಸಿಲಿನಲ್ಲಿ ಕ್ಯಾಮೆರಾ ಹಿನ್ನೆಲೆಯ ಆಕಾಶಕ್ಕೆ ತಕ್ಕಂತೆ ಬೆಳಕು ಹೊಂದಿಸಿಕೊಂಡು ಕಪ್ಪು ಮೈಬಣ್ಣದವರ ಮುಖ ಮಸಿಯಾಗಿಬಿಡುತ್ತದೆ. ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟು ಸರಿಪಡಿಸಿಕೊಳ್ಳಿ. ಚಿತ್ರದ ವಿವರವನ್ನು ಫೋಟೊ ಕಡತದೊಳಗೂ ಬರೆಯಿರಿ, ಬೇರೆ ಪುಸ್ತಕದಲ್ಲೂ ಬರೆಯಿರಿ; ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದಿಂದ ಒಳಗಿನ ವಿವರ ಅಳಿಸಿಹೋಗುತ್ತದೆ. ಪೊಲೀಸ್ ಠಾಣೆ, ಸೇನೆಯ ನೆಲೆಗಳತ್ತ ಕ್ಯಾಮೆರಾ ಎತ್ತಲೇಬೇಡಿ.

ಸಿಸ್ಟರ್‌ಗಳ ಬಗ್ಗೆ ನನಗೆ ಒಂದಿಷ್ಟೂ ದೂರಿಲ್ಲ. ಅವರ ಔಷಧಾಲಯ, ಶಾಲೆ ನಡೆಯುವುದು ದೇಣಿಗೆಯಿಂದಲೇ, ಅದಕ್ಕೆ ಫೋಟೊ ಬೇಕೇ ಬೇಕು. ನಿಮ್ಮ ವೀಸಾ, ಸ್ವಯಂಸೇವಕರಿಗೆ ಕೊಡುವ ಸಿ ದರ್ಜೆಯ ವಾಸದ ಪರವಾನಗಿ ಇವೆಲ್ಲ ಇತ್ಯರ್ಥವಾಗುವ ಹೊತ್ತಿಗೇ ಕಾನ್ವೆಂಟಿನ ಮುಖ್ಯಸ್ಥೆಯ ಹತ್ತಿರ ಕೂತು ಒಂದು ಪುಟದ ಕರಾರು ಬರೆಸಿಕೊಳ್ಳಿ: ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳ ಮುಖ ಹೊರಗೆ ಹೋಗಬಾರದು, ನಿಮ್ಮ ಅಡಿಬರಹ ಬದಲಾಗಬಾರದು, ಅಚ್ಚಿಗೆ ಮುಂಚೆ ಕರಡು ಆ ಮನೆಯವರಿಗೂ ತೋರಿಸಬೇಕು. ಒಪ್ಪದಿದ್ದರೆ ಕ್ಯಾಮೆರಾವನ್ನು ಉಡುಪಿಯಲ್ಲೇ ಬಿಟ್ಟು ಹೋಗಿ, ಪಾಠ ಮಾಡಲು ಅದು ಬೇಕಿಲ್ಲ.