ಅಪ್ಪ-ಅಮ್ಮನ ಜೊತೆ ಬೆಟ್ಟದ ಕೆರೆಗಾ? ದುರ್ಗಕ್ಕೆ ಹೋಗಿ, ಆದರೆ ಬೆಳಿಗ್ಗೆಯೇ ಹೊರಡಿ

ದಾವಣಗೆರೆಯಿಂದ ಒಂದೇ ದಿನದಲ್ಲಿ ಟ್ರೆಕ್ಕಿಂಗ್ ಮಾಡಿಬರೋ ಬೆಟ್ಟದ ಕೆರೆ ಯಾವುದು ಅಂತ ಕೇಳಿದ್ದೀರಿ. ಜೊತೆಗೆ ವಯಸ್ಸಾದ ಅಪ್ಪ-ಅಮ್ಮ ಇರ್ತಾರೆ, ಡಿಸೆಂಬರ್ ಆದ್ದರಿಂದ "ನಿಧಾನಕ್ಕೆ ಹೊರಟರೂ ನಡೆಯುತ್ತೆ" ಅಂತ ಬರೆದಿದ್ದೀರಿ. ನಾವೂ ಹಂಗೇ ಅಂದ್ಕೊಂಡು ಹೊರಟಿದ್ವಿ, ಚಿತ್ರದುರ್ಗ ಕೋಟೆಯೊಳಗಿನ ಗೋಪಾಲಸ್ವಾಮಿ ಹೊಂಡ ನೋಡೋಕೆ.

ಚಳಿ ಅಂತ ಯಾರೂ ಬೇಗ ಏಳಲಿಲ್ಲ. ಎದ್ದ ಮೇಲೆ ಬೆಣ್ಣೆದೋಸೆ ತಿಂದೇ ಹೋಗೋಣ ಅಂತ ಅಪ್ಪನ ಹಟ. ಹೋಟೆಲಿನಲ್ಲಿ ಭಾನುವಾರದ ಜನ. ಹೈವೇಲಿ ಅರವತ್ತು ಕಿಲೋಮೀಟರ್ ಏನೂ ಅಲ್ಲ, ಆದರೂ ಕೋಟೆ ಬಾಗಿಲಿಗೆ ಬಂದಾಗ ಹನ್ನೊಂದೂವರೆ.

ಕೆಟ್ಟಿದ್ದೇ ಇಲ್ಲಿ, ಅದಕ್ಕೇ ಬಿಡಿಸಿ ಹೇಳ್ತೀನಿ. ಚಳಿಗಾಲದಲ್ಲಿ ಗಾಳಿ ತಣ್ಣಗಿರೋದ್ರಿಂದ ಬಿಸಿಲಿನ ಅಂದಾಜೇ ಸಿಗಲ್ಲ. ದುರ್ಗದ ಗುಡ್ಡ ಅಂದ್ರೆ ಬಂಡೆ ಮೇಲೆ ಬಂಡೆ, ನೆರಳು ಕಮ್ಮಿ. ಮಧ್ಯಾಹ್ನದ ಹೊತ್ತಿಗೆ ಅದು ಕಾದ ಕಾವಲಿ. ಮೇಲಿಂದ ಬಿಸಿಲು, ಕೆಳಗಿಂದ ಝಳ. ಒಣಗಾಳಿಗೆ ಬೆವರು ಅಲ್ಲಲ್ಲೇ ಆರಿಹೋಗುತ್ತೆ, ಬೆವರು ಕಾಣದಿದ್ದರೆ ನೀರು ಕುಡಿಯೋ ನೆನಪೂ ಬರಲ್ಲ. ಅಪ್ಪ ಸ್ವೆಟರ್ ಬಿಚ್ಚಲೇ ಇಲ್ಲ, ಮಂಕಿಕ್ಯಾಪ್ ಮಾತ್ರ ಜೇಬಿಗೆ ಹೋಗಿತ್ತು. ಏಕನಾಥೇಶ್ವರಿ ಗುಡಿ ಹತ್ತಿರ "ಕಣ್ಣು ಕತ್ತಲೆ ಬರ್ತಿದೆ ಕಣೋ" ಅಂತ ಕೂತೇಬಿಟ್ರು. ಇದ್ದ ಬಾಟಲಿ ಖಾಲಿ. ಬಿಸ್ಕತ್ತಿನ ಪೊಟ್ಟಣ ಕೋತಿ ಪಾಲಾಗಿತ್ತು. ಗೋಡೆ ಮೇಲೆ ಕೂತು, ಒಂದೊಂದೇ ಬಿಸ್ಕತ್ತು ತಿರುಗಿಸಿ ನೋಡಿ ತಿಂತಿತ್ತು. ಯಾರೋ ಪುಣ್ಯಾತ್ಮರು ಉಪ್ಪು ಹಾಕಿದ ಮಜ್ಜಿಗೆ ಕೊಟ್ಟರು, ಅಪ್ಪ ಚೇತರಿಸಿಕೊಂಡರು. ಹೊಂಡ ನೋಡದೇ ಇಳಿದ್ವಿ. ಅಮ್ಮ ಇವತ್ತಿಗೂ ದುರ್ಗದ ಹೆಸರೆತ್ತಿದರೆ ಆ ಕಡೆ ತಿರುಗ್ತಾರೆ.

ಆದ್ದರಿಂದ "ಚಳಿಗಾಲ, ನಿಧಾನ" ಅನ್ನೋದನ್ನ ಮೊದಲು ತಲೆಯಿಂದ ತೆಗೀರಿ. ಏಳಕ್ಕೆಲ್ಲಾ ಮೆಟ್ಟಿಲ ಹತ್ರ ಇರಿ, ದೋಸೆ ಎಲ್ಲೂ ಓಡಿಹೋಗಲ್ಲ. ಚಿಕ್ಕಮಗಳೂರು ಕಡೆ ಹೋಗಲಾ ಅಂತಾನೂ ಕೇಳಿದ್ದೀರಿ. ವಯಸ್ಸಾದವರನ್ನ ಇಡೀ ದಿನ ಕಾರಲ್ಲಿ ಕೂರಿಸೋದು ಟ್ರೆಕ್ಕಿಂಗಾ?

ಚಳಿಗಾಲದ ಲಾಭ ಏನಿದ್ದರೂ ನೀರಲ್ಲಿದೆ. ನಮ್ಮ ಕಡೆ ಮಳೆ ಜೋರು ಸೆಪ್ಟೆಂಬರ್-ಅಕ್ಟೋಬರಲ್ಲಿ, ಒಳ್ಳೆ ಮಳೆಯಾದ ವರ್ಷ ಡಿಸೆಂಬರಿಗೂ ಹೊಂಡ ತುಂಬಿರುತ್ತೆ. ಆಮೇಲೊಮ್ಮೆ ಒಬ್ಬನೇ ಹೋಗಿ ನೋಡಿದೆ. ಸುತ್ತ ಬಂಡೆ, ನಡುವೆ ಹಸಿರು ನೀರು, ಪಕ್ಕದಲ್ಲೇ ಗೋಪಾಲಸ್ವಾಮಿ ಗುಡಿ. ಈ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಊರೊಳಗಿನ ಸಂತೆಹೊಂಡಕ್ಕೆ. ಪಾಳೇಗಾರರ ಕಾಲದ ಲೆಕ್ಕಾಚಾರ! ನಲ್ಲಿ ನೀರಿಗೆ ಕಾಯೋ ನಮಗೆ ನಾಚಿಕೆ ಆಗಬೇಕು. ನೀರಿಗೆ ಮಾತ್ರ ಇಳೀಬೇಡಿ, ಪಾಚಿಗೆ ಕಾಲು ಜಾರುತ್ತೆ.

ಓಬವ್ವನ ಕಿಂಡಿ ನೋಡೋದು ಹೊಂಡ ಆದ ಮೇಲಿರಲಿ. ಅಲ್ಲಿ ಇಳಿದು ಮತ್ತೆ ಹತ್ತಬೇಕು, ಮಂಡಿನೋವಿನವರಿಗೆ ಅದು ಬೇಡವೇ ಬೇಡ.

ಅಷ್ಟೂ ಆಗಲ್ಲ ಅಂದ್ರೆ ಚಂದ್ರವಳ್ಳಿ. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಅನ್ನೋ ಮೂರು ಬೆಟ್ಟಗಳ ನಡುವಿನ ಕಣಿವೆ, ಹತ್ತೋದೇ ಇಲ್ಲದ ಬೆಟ್ಟದ ಕೆರೆ. ಭೈರವೇಶ್ವರ ಗುಡಿ ಹತ್ತಿರದ ಬಂಡೆ ಮೇಲೆ 4ನೇ ಶತಮಾನದ ಶಾಸನ ಇದೆ, ಕದಂಬ ಮಯೂರಶರ್ಮ ಇಲ್ಲಿ ಕೆರೆ ಕಟ್ಟಿಸಿದ ಅಂತ ಪ್ರಾಕೃತದಲ್ಲಿ ಕೆತ್ತಿದ್ದಾರೆ. ಪಕ್ಕದ ಅಂಕಲಿ ಮಠದ ಗುಹೆಗೆ ನೀವು ಟಾರ್ಚ್ ಹಿಡ್ಕೊಂಡು, ದಾರಿ ಬಲ್ಲವರ ಜೊತೆ ಇಳೀರಿ. ಅಪ್ಪ-ಅಮ್ಮನ್ನ ಕೆರೆ ಹತ್ರಾನೇ ಕೂರಿಸಿ, ನೀರಿನ ಬಾಟಲಿ ಅವರ ಕೈಲೇ ಕೊಟ್ಟು ಹೋಗಿ.